ತಮ್ಮ ಅವಗಾಹನೆಗಾಗಿ ಲಗತ್ತಿಸಿದೆ

ಹಿಂದಿನ ದಿನದ ಆರ್ಡರುಗಳ ಪಟ್ಟಿ ಬೆಳಗ್ಗೆ 9ಕ್ಕೆ ಸರಿಯಾಗಿ ನಮ್ಮ ಮ್ಯಾನೇಜರರ ಇನ್‌ಬಾಕ್ಸಿಗೆ ಬೀಳಬೇಕು. ಆ ಸೇವೆ ನನ್ನದು. ಹಲ್ಲುಜ್ಜುವ ಮೊದಲೇ ಡೇಟಾಬೇಸಿಗೆ ಕ್ವೆರಿ ಹಾಕಿ, ಬಂದದ್ದನ್ನು ಎಕ್ಸೆಲ್ಲಿಗೆ ಸುರಿದು, 'ತಮ್ಮ ಅವಗಾಹನೆಗಾಗಿ ಲಗತ್ತಿಸಿದೆ' ಎಂದು ಬರೆದು ಕಳಿಸುತ್ತಿದ್ದೆ. ವಾರಕ್ಕೆರಡು ಸಲ ಲಗತ್ತಿಸುವುದನ್ನೇ ಮರೆಯುತ್ತಿದ್ದೆ. ಅವಗಾಹನೆಗೆ ಮಾತ್ರ ಎಂದೂ ಕೊರತೆ ಮಾಡಿದವನಲ್ಲ.

ಈ ಕೆಲಸವನ್ನು ಪೈಥಾನಿಗೆ ಒಪ್ಪಿಸಿ ಇನ್ನರ್ಧ ಗಂಟೆ ಮಲಗೋಣ ಎಂಬ ದುರಾಸೆ ಹುಟ್ಟಿತು. ಪಾಂಡಾಸ್ ಕ್ವೆರಿ ಓದುತ್ತದೆ, ಫೈಲು ಮಾಡುತ್ತದೆ. ಎಸ್‌ಎಂಟಿಪಿ ಅಂಚೆಗೆ ಹಾಕುತ್ತದೆ. ಕ್ರಾನ್ ಎಂಬ ಗೂರ್ಖಾ ಹೊತ್ತಿಗೆ ಸರಿಯಾಗಿ ಇವರನ್ನೆಲ್ಲ ಎಬ್ಬಿಸುತ್ತಾನೆ. ಒಟ್ಟು ನಲವತ್ತು ಸಾಲು.

ಮೊದಲ ದಿನ 9ರ ವರದಿ ಮಧ್ಯಾಹ್ನ ಎರಡೂವರೆಗೆ ಬಂತು. ಗೂರ್ಖಾ ಕಟ್ಟಿಕೊಂಡಿದ್ದದ್ದು ಗ್ರೀನಿಚ್ ಗಡಿಯಾರ.

ಮರುದಿನ ಹೊತ್ತಿಗೆ ಬಂತು, ಬಂದ ಅವತಾರ ಬೇರೆ. ಸೋಮಾರಿತನದಿಂದ ಸಿಎಸ್‌ವಿ ಫೈಲು ಕಳಿಸಿದ್ದೆ. ಅದರಲ್ಲಿರುವುದು ಬರೀ ಅಕ್ಷರ, ಅಲ್ಪವಿರಾಮ. ಅರ್ಥ ಹಚ್ಚುವುದು ಎಕ್ಸೆಲ್ಲಿನ ಪಾಲು. ಅದೋ ಮದುವೆಮನೆಗೆ ಬಂದ ಸೋದರಮಾವನಂತೆ, ಯಾರೂ ಕೇಳದಿದ್ದರೂ ಅರ್ಥ ಮಾಡಿಕೊಳ್ಳುತ್ತದೆ. ಮಂಗಳೂರು ಕಡೆಯ ಗಿರಾಕಿಯೊಬ್ಬರ ಮನೆ ನಂಬರು 3-4. ಅದು ಏಪ್ರಿಲ್ 3 ಆಯಿತು. 91 ಸೇರಿಸಿದ ಮೊಬೈಲ್ ನಂಬರುಗಳು ಹನ್ನೆರಡಂಕಿಯ ಭಾರ ತಾಳದೆ 9.19ಕ್ಕೆ ಕುಗ್ಗಿ, ಬಾಲಕ್ಕೆ 'ಇ ಪ್ಲಸ್ 11' ಕಟ್ಟಿಕೊಂಡವು. ಕನ್ನಡದಲ್ಲಿದ್ದ ಹೆಸರುಗಳ ಗತಿ ಇನ್ನೂ ಘೋರ. ಫೈಲಿನ ಹಣೆಗೆ ಮೂರು ಬೈಟಿನ ನಾಮ ಹಚ್ಚದಿದ್ದರೆ ಇದು ಯುಟಿಎಫ್-8 ಸಂಪ್ರದಾಯದ್ದು ಎಂದು ಎಕ್ಸೆಲ್ಲಿಗೆ ಎಷ್ಟೋ ಸಲ ತಿಳಿಯುವುದೇ ಇಲ್ಲ. ನಾನು ಹಚ್ಚಿರಲಿಲ್ಲ. ಗಿರಾಕಿಗಳೆಲ್ಲ ಕೊಂಬು ಮೂಡಿದ ಫ್ರೆಂಚ್ ಅಕ್ಷರಗಳಾಗಿ ಸಾಲಾಗಿ ನಿಂತಿದ್ದರು. ಡೆಲಿವರಿ ಹುಡುಗ ಫೋನು ಮಾಡಿ, "ಸಾರ್, ಏಪ್ರಿಲ್ 3 ಅನ್ನೋ ಮನೆ ಎಲ್ಲಿ ಬರುತ್ತೆ?" ಎಂದು ಕೇಳಿದ. ತಪ್ಪು ಅವನದಲ್ಲ.

ಸಮಾಧಾನಕ್ಕೆ ನಾನು ಇಂಗ್ಲೆಂಡನ್ನು ನೆನೆಸಿಕೊಂಡೆ. 2020ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಕೋವಿಡ್ ಫಲಿತಾಂಶಗಳನ್ನು ಹಳೆಯ ಎಕ್ಸ್‌ಎಲ್‌ಎಸ್ ಹಾಳೆಗೆ ತುಂಬುತ್ತಿತ್ತು. ಆ ಹಾಳೆಗೆ 65,536 ಸಾಲಿಗೇ ಹೊಟ್ಟೆ ತುಂಬುತ್ತದೆ. ಉಳಿದದ್ದನ್ನು ಅದು ಸದ್ದಿಲ್ಲದೆ ಕೈಬಿಟ್ಟಿತು, 15,841 ಪ್ರಕರಣಗಳು ಸಕಾಲಕ್ಕೆ ಲೆಕ್ಕಕ್ಕೇ ಸೇರಲಿಲ್ಲ. ಇದನ್ನು ಮ್ಯಾನೇಜರರಿಗೂ ಹೇಳಿದೆ. ಅವರಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಸಿಎಸ್‌ವಿ ಬಿಟ್ಟು ಎಕ್ಸ್‌ಎಲ್‌ಎಸ್‌ಎಕ್ಸ್‌ಗೆ ಬಂದೆ, ಮನೆ ನಂಬರು ಮನೆ ನಂಬರಾಗಿಯೇ ಉಳಿಯಿತು. ಸಂಭ್ರಮದಲ್ಲಿ ಕೋಡನ್ನು ಚೊಕ್ಕ ಮಾಡಲು ಹೋದೆ ನೋಡಿ. ಮೇಲ್ ಕಳಿಸುವ ಸಾಲು ನಾಲ್ಕು ಸ್ಪೇಸ್ ಬಲಕ್ಕೆ ಸರಿದು ಲೂಪಿನ ಹೊಟ್ಟೆಗೆ ಸೇರಿತು. ಪೈಥಾನಿನಲ್ಲಿ ಇದು ಪಂಕ್ತಿ ಬದಲಿಸಿ ಊಟಕ್ಕೆ ಕೂತಂತೆ. ಬಡಿಸುವವರು ಮತ್ತೆ ಮತ್ತೆ ಬರುತ್ತಾರೆ. ಅಂದು 312 ಆರ್ಡರು, 312 ಮೇಲು, ಎಲ್ಲದರಲ್ಲೂ ಅದೇ ಲಗತ್ತು. ಮ್ಯಾನೇಜರರು ದೇವಸ್ಥಾನದಲ್ಲಿದ್ದರಂತೆ. ಮಂಗಳಾರತಿ ಮುಗಿದ ಮೇಲೂ ಅವರ ಜೇಬಿನಲ್ಲಿ ಗಂಟೆ ನಿಲ್ಲಲಿಲ್ಲವಂತೆ.

ಈಗ ಎಲ್ಲ ಸರಿಹೋಗಿದೆ. 9ಕ್ಕೆ ಒಂದೇ ಮೇಲು, ಒಂದೇ ಲಗತ್ತು, ಕನ್ನಡ ಕನ್ನಡವಾಗಿಯೇ. 9 ಗಂಟೆ 5 ನಿಮಿಷಕ್ಕೆ ನನ್ನ ದಿಂಬಿನ ಕೆಳಗೆ ಫೋನು ಹೊಡೆದುಕೊಳ್ಳುತ್ತದೆ.

"ಬಂತು ಕಣಯ್ಯ. ಕನ್ನಡಕ ಕಾರಲ್ಲಿದೆ. ಒಟ್ಟು ಎಷ್ಟಾಯ್ತು, ಸ್ವಲ್ಪ ತೆಗೆದು ಓದು."