ಬ್ರೂಸ್‌ಪೇಟೆಯ ಸೊಂಟಶಾಸ್ತ್ರ

ಸೊಂಟದಿಂದ ಹೊರಟು, ಪೃಷ್ಠದ ಸ್ನಾಯುಗಳ ಅಡಿಯಲ್ಲಿ ನುಸುಳಿ, ತೊಡೆಯ ಹಿಂಬದಿಯಲ್ಲಿ ಇಳಿದು, ಮೊಣಕಾಲಿನ ಹತ್ತಿರ ಎರಡು ಕವಲಾಗಿ ಪಾದ ಮುಟ್ಟುವ ನರಕ್ಕೆ ಸಯಾಟಿಕ್ ನರವೆಂದು ಹೆಸರು. ಮನುಷ್ಯನ ಮೈಯಲ್ಲಿ ಇದಕ್ಕಿಂತ ದಪ್ಪನೆಯ ನರ ಇನ್ನೊಂದಿಲ್ಲ. ಆರಂಭದಲ್ಲಿ ಹೆಚ್ಚುಕಡಿಮೆ ಹೆಬ್ಬೆರಳಿನ ಅಗಲ. ಬೆನ್ನುಮೂಳೆಯ ಕೆಳಭಾಗದಿಂದ ಹೊರಡುವ ಐದು ಬೇರುಗಳು ಕೂಡಿ ಇದು ಆಗಿದೆ. ಆ ಬೇರುಗಳಲ್ಲಿ ಒಂದನ್ನು ಏನಾದರೂ ಒತ್ತಿದರೆ, ಇಲ್ಲವೇ ಅದರ ಸುತ್ತ ಬಾವು ಬಂದರೆ, ಹುಟ್ಟುವ ನೋವೇ ಸಯಾಟಿಕಾ. ತಪ್ಪು ನಡೆದದ್ದು ಸೊಂಟದಲ್ಲಿ, ದಂಡ ತೆರುವುದು ಮೀನಖಂಡ. ರೋಗಿಗೆ ಈ ಒಳಗುಟ್ಟು ಗೊತ್ತಿರುವುದಿಲ್ಲವಾದ್ದರಿಂದ ಮೊದಲ ವಾರ ಎಣ್ಣೆ ತಿಕ್ಕಿಸಿಕೊಳ್ಳುವ ಭಾಗ್ಯವೂ ಮೀನಖಂಡದ್ದೇ.

ಕಾಯಿಲೆ ಹೊಸದೇನಲ್ಲ. ಆಯುರ್ವೇದ ಇದನ್ನು ಗೃಧ್ರಸಿ ಎಂದು ಕರೆದು ವಾತರೋಗಗಳ ಸಾಲಿನಲ್ಲಿ ಕೂರಿಸಿದೆ. ಯುರೋಪಿನಲ್ಲಿ 1764ರಲ್ಲಿ ನೇಪಲ್ಸಿನ ವೈದ್ಯ ಡೊಮೆನಿಕೊ ಕೊಟುನ್ಯೊ, ಇದು ಕೀಲಿನ ನೋವಲ್ಲ, ನರದ ನೋವು ಎಂದು ಪುಸ್ತಕವನ್ನೇ ಬರೆದ. ನರವನ್ನು ಒತ್ತುವ ಆಸಾಮಿ ಬಹಳ ಸಲ ಡಿಸ್ಕೇ ಎಂಬುದು ವೈದ್ಯಲೋಕಕ್ಕೆ ಮನವರಿಕೆಯಾದದ್ದು 1934ರಲ್ಲಿ, ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬಿಬ್ಬರು ಶಸ್ತ್ರವೈದ್ಯರ ಲೇಖನದಿಂದ. ಬ್ರಿಟಿಷರ ಕಾಲದ ಬ್ರೂಸ್ ಎಂಬ ಅಧಿಕಾರಿಯ ಹೆಸರು ಹೊತ್ತ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಈ ಇತಿಹಾಸವೆಲ್ಲ "ನರ ಹಿಡಕೊಂಡೈತಿ" ಎಂಬ ಎರಡು ಮಾತಿನಲ್ಲಿ ಮುಗಿಯುತ್ತದೆ. ರೋಗನಿರ್ಣಯವಾಗಿ ಅದೇನೂ ತಪ್ಪಲ್ಲ.

ಬೆನ್ನಿನ ಕಶೇರುಗಳ ನಡುವೆ ಕೂತಿರುವ ಡಿಸ್ಕನ್ನು ಹೋಳಿಗೆಗೆ ಹೋಲಿಸಬಹುದು: ಹೊರಗೆ ಗಟ್ಟಿ ನಾರಿನ ಕಣಕ, ಒಳಗೆ ಮೆತ್ತನೆಯ ಹೂರಣ. ಮುಂದುಗಡೆ ಒತ್ತಿದರೆ ಹೂರಣ ಹಿಂದಕ್ಕೆ ಸರಿಯುತ್ತದೆ. ವರ್ಷಗಟ್ಟಲೆ ಮುಂದಕ್ಕೆ ಬಾಗಿ ಒತ್ತುತ್ತಲೇ ಇದ್ದರೆ ಕಣಕ ಒಂದು ಕಡೆ ಬಿರಿದು ಹೂರಣ ಹೊರಗೆ ಇಣುಕುತ್ತದೆ. ಅದು ಇಣುಕುವ ಜಾಗದಲ್ಲಿಯೇ ನರದ ಬೇರು ಹಾದುಹೋಗಬೇಕೆ? ಹೋಗುತ್ತದೆ. ಹೀಗಾಗುವುದು ಹೆಚ್ಚಾಗಿ ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲಿ. ವೈದ್ಯರು ಚೀಟಿಯಲ್ಲಿ ಎಲ್4-ಎಲ್5, ಎಲ್5-ಎಸ್1 ಎಂದು ಬರೆಯುವುದು ಅವನ್ನೇ. ಬಸ್ಸಿನ ನಂಬರಿನಂತೆ ಕಾಣುವ ಈ ಅಕ್ಷರಗಳನ್ನು ರೋಗಿಗಳು ಬೇಗ ಬಾಯಿಪಾಠ ಮಾಡಿಕೊಳ್ಳುತ್ತಾರೆ, ಮದುವೆ ಮನೆಗಳಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ಬಳಗ ಕಟ್ಟಿಕೊಳ್ಳುತ್ತಾರೆ.

ಬಳ್ಳಾರಿ ಸೀಮೆಯಲ್ಲಿ ಸೊಂಟ ಬಗ್ಗಿಸುವ ಕಸುಬುಗಳಿಗೆ ಬರವಿಲ್ಲ. ಜೀನ್ಸ್ ಹೊಲಿಯುವವರು ದಪ್ಪ ಬಟ್ಟೆಯ ಮೇಲೆ ಕಣ್ಣಿಟ್ಟು ದಿನವಿಡೀ ಮುಂದಕ್ಕೆ ಬಾಗಿ ಕೂರುತ್ತಾರೆ. ಸಿರುಗುಪ್ಪದ ಕಾಲುವೆ ಬಯಲಿನಲ್ಲಿ ಭತ್ತದ ನಾಟಿಗೆ ಇಳಿದ ಹೆಂಗಸರು ಬಗ್ಗಿದವರು ಬದುವಿಗೆ ಬಂದಾಗಲೇ ನೆಟ್ಟಗಾಗುವುದು. ಸಂಡೂರಿನ ಅದಿರು ಹೊತ್ತು ಓಡಾಡುವ ಲಾರಿ ಚಾಲಕರ ಬೆನ್ನಿಗೆ ಬಾಗುವ ಕಷ್ಟವಿಲ್ಲ, ಅಲುಗಾಟದ್ದಿದೆ. ಗಂಟೆಗಟ್ಟಲೆ ನಡುಗುವ ಸೀಟು ಬೆನ್ನುನೋವಿಗೆ ಹಾದಿ ಎಂಬುದು ಸಾಬೀತಾದ ವಿಷಯ. ಬೆಂಗಳೂರು ರಸ್ತೆಯ ಅಂಗಡಿಗಳ ಯಜಮಾನರದ್ದು ಇನ್ನೊಂದು ಬಗೆ. ಅವರು ಏನನ್ನೂ ಎತ್ತುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಕೂತೇ ಸೊಂಟ ಕೆಡಿಸಿಕೊಳ್ಳುವ ಸಾಮರ್ಥ್ಯ ಅವರದ್ದು.

ಪ್ಯಾಂಟಿನ ಹಿಂದಿನ ಜೇಬಿನ ಪರ್ಸಿನದ್ದೂ ಇದರಲ್ಲಿ ಒಂದು ಪಾಲಿದೆ. ಆಧಾರ್ ಕಾರ್ಡು, ಪಾನ್ ಕಾರ್ಡು, ಅವಧಿ ಮುಗಿದ ಎಟಿಎಂ ಕಾರ್ಡು, ಕನಕದುರ್ಗಮ್ಮನ ಚಿತ್ರಪಟ, ಯಾವುದೋ ಕಾಲದ ಔಷಧಿ ಅಂಗಡಿಯ ಬಿಲ್ಲು, ಇವೆಲ್ಲ ಸೇರಿ ಒಂದು ಇಂಚು ದಪ್ಪವಾದ ಪರ್ಸಿನ ಮೇಲೆ ಒಂದು ಪಕ್ಕ ಕೂತರೆ ಸಯಾಟಿಕ್ ನರ ಪೃಷ್ಠದಲ್ಲಿಯೇ ಒತ್ತಿಹೋಗಬಹುದೆಂದು ವೈದ್ಯರು ಬರೆದು ದಶಕಗಳಾದವು. ದುಡ್ಡು ಮಾತ್ರ ಅದರಲ್ಲಿ ತೀರಾ ತೆಳ್ಳಗಿರುತ್ತದೆ. ಜೀನ್ಸಿಗೆ ಹಿಂಜೇಬು ಹೊಲಿದು ದೇಶಕ್ಕೆಲ್ಲ ಕಳಿಸುವ ಊರು ಇದಕ್ಕೆ ತಾನು ಹೊಣೆಯೆಂದು ಒಪ್ಪುವಂತಿಲ್ಲ. ಮೊಬೈಲಿನಲ್ಲಿ ದುಡ್ಡು ಕೊಡುವ ಕಾಲ ಬಂದು ಪರ್ಸುಗಳು ಸೊರಗಿದ್ದು ನರಕ್ಕೆ ಎಷ್ಟು ಉಪಕಾರವಾಯಿತೋ, ಆ ಲೆಕ್ಕ ಯಾವ ಬ್ಯಾಂಕೂ ಇಟ್ಟಿರಲಾರದು.

ಈ ನೋವಿನ ಗುರುತು ಸುಲಭ. ಸೊಂಟಕ್ಕಿಂತ ಕಾಲೇ ಹೆಚ್ಚು ನೋಯುತ್ತದೆ, ಅದೂ ಸಾಮಾನ್ಯವಾಗಿ ಒಂದೇ ಕಾಲು, ಮೊಣಕಾಲು ದಾಟಿ ಕೆಳಗಿಳಿಯುತ್ತದೆ, ಜೋಮು ಹಿಡಿಯುತ್ತದೆ, ಕೆಮ್ಮಿದರೆ, ಸೀನಿದರೆ, ಮುಕ್ಕಿದರೆ ಮಿಂಚು ಹೊಡೆಯುತ್ತದೆ. ಕುರುಗೋಡು ಕಡೆಯ ಮೆಣಸಿನಕಾಯಿ ಕಣಕ್ಕೆ ಬರುವ ದಿನಗಳಲ್ಲಿ, ಇಲ್ಲವೇ ಸಂಜೆ ಬಂಡಿಯವನು ಮಿರ್ಚಿಗೆ ಎಣ್ಣೆ ಕಾಯಿಸುವ ಹೊತ್ತಿನಲ್ಲಿ, ಸಯಾಟಿಕಾ ಇರುವವನ ಪಾಡು ಹೇಳತೀರದು. ಘಾಟಿಗೆ ಮೂಗು ಕೆರಳಿದ ಕೂಡಲೇ ಆತ ಎರಡೂ ಕೈಯಿಂದ ಗೋಡೆ ಹಿಡಿಯುತ್ತಾನೆ. ಸೀನು ಬಾರದೆ ಹಿಂದಕ್ಕೆ ಹೋದರೆ ಸುತ್ತ ನಿಂತವರಿಗೂ ನಿರಾಳ.

ವೈದ್ಯರಿಗಿಂತ ಮೊದಲು ಬರುವವರು ಹಿತೈಷಿಗಳು. ಹೆಂಚಿನ ಮೇಲೆ ಉಪ್ಪು ಹುರಿದು ಬಟ್ಟೆಗೆ ಕಟ್ಟಿ ಕೊಡುವ ಶಾಖ, ಲಕ್ಕಿ ಸೊಪ್ಪಿನ ಶಾಖ, ಹರಳೆಣ್ಣೆ, ಇವು ಹಿತವಾದ ಉಪಚಾರಗಳು. ಸ್ನಾಯುವಿನ ಬಿಗಿ ಒಂದಿಷ್ಟು ಸಡಿಲವಾಗುತ್ತದೆ, ಚರ್ಮ ಸುಡದಿದ್ದರೆ ನಷ್ಟವೇನಿಲ್ಲ. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಳ್ಳುವ ಪದ್ಧತಿಯ ಬಗ್ಗೆ ಹಾಗೆ ಹೇಳಲಾಗದು. ಹಾಗೆ ಹುಟ್ಟಿದವರಿಗೆ ಅಡ್ಡಹೆಸರಿನಂತೆ ಜೀವನವಿಡೀ ಅಂಟಿಕೊಳ್ಳುವ ಈ ವೃತ್ತಿಯಲ್ಲಿ ಸಂಭಾವನೆ ವೀಳ್ಯದೆಲೆಯಷ್ಟೇ, ಆದರೂ ಕೆಲವರು ಶ್ರದ್ಧೆಯಿಂದ ಒದೆಯುತ್ತಾರೆ. ಉಳುಕಿದ ಸ್ನಾಯುವಾದರೆ ಹೇಗೂ ನಾಲ್ಕು ದಿನಕ್ಕೆ ವಾಸಿಯಾಗಿ ಒದ್ದವರಿಗೆ ಕೀರ್ತಿ ಬರುತ್ತದೆ. ಡಿಸ್ಕ್ ಬಿರಿದಿದ್ದರೆ ಮಾತ್ರ ಒದೆ ಹೋಗಬಾರದ ಜಾಗಕ್ಕೇ ಹೋಗುತ್ತದೆ. ಎಲುಬು ಮುರಿತದ ಚಿಕಿತ್ಸೆಗೆ ಹೆಸರಾದ ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಕಟ್ಟಿಸಿಕೊಂಡು ಬರುವಂತೆ ಸಲಹೆ ಕೊಡುವವರೂ ಉಂಟು. ಇಲ್ಲಿ ಮುರಿದದ್ದೇನೂ ಇಲ್ಲ ಎಂಬ ಮಾತು ಅವರ ಕಿವಿಗೆ ಬೀಳುವುದಿಲ್ಲ.

ಹಿತೈಷಿಗಳೆಲ್ಲ ಒಮ್ಮತದಿಂದ ಹೇಳುವ ಒಂದು ಮಾತು "ಅಲುಗಾಡಬೇಡ, ಮಲಗು" ಎಂಬುದು. ಒಂದು ಕಾಲಕ್ಕೆ ವೈದ್ಯರೂ ಇದನ್ನೇ ಹೇಳುತ್ತಿದ್ದರು. 1999ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸಿನ ಅಧ್ಯಯನವೊಂದು ಸಯಾಟಿಕಾ ರೋಗಿಗಳಲ್ಲಿ ಕೆಲವರನ್ನು ಎರಡು ವಾರ ಹಾಸಿಗೆಯಲ್ಲಿ ಮಲಗಿಸಿತು, ಉಳಿದವರನ್ನು ಅವರ ಪಾಡಿಗೆ ಬಿಟ್ಟಿತು. ಮಲಗಿದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ತೀರಾ ನೋವಿದ್ದರೆ ಒಂದೆರಡು ದಿನ ಒರಗಬಹುದು, ಅದರ ಮೇಲೆ ಹಾಸಿಗೆ ಬೆನ್ನಿನ ಸ್ನಾಯುಗಳನ್ನು ಸೊರಗಿಸುತ್ತದೆ. ಬಹುಪಾಲು ಸಯಾಟಿಕಾ ಆರರಿಂದ ಹನ್ನೆರಡು ವಾರಗಳಲ್ಲಿ ತಾನಾಗಿ ಇಳಿಮುಖವಾಗುತ್ತದೆ; ಹೊರಬಂದ ಹೂರಣವನ್ನು ದೇಹವೇ ಕರಗಿಸಿಕೊಳ್ಳುವುದುಂಟು. ಈ ವಾರಗಳನ್ನು ಹೇಗೆ ಕಳೆಯುವುದು ಎಂಬುದರಲ್ಲಿ ಫಿಸಿಯೋಥೆರಪಿಯ ಕೆಲಸವಿದೆ.

ಫಿಸಿಯೋಥೆರಪಿಸ್ಟರ ಮೊದಲ ಪರೀಕ್ಷೆ ಬಹಳ ಸರಳ. ರೋಗಿ ಅಂಗಾತ ಮಲಗುತ್ತಾನೆ. ಒಂದು ಕೈ ಹಿಮ್ಮಡಿಯ ಕೆಳಗೆ, ಇನ್ನೊಂದು ಮೊಣಕಾಲಿನ ಮೇಲೆ, ಕಾಲು ಮಡಚದಂತೆ ನಿಧಾನವಾಗಿ ಮೇಲೆತ್ತುತ್ತಾರೆ. ಮೂವತ್ತರಿಂದ ಎಪ್ಪತ್ತು ಡಿಗ್ರಿಯೊಳಗೆ ನೋವು ಮೊಣಕಾಲು ದಾಟಿ ಕೆಳಗೆ ಹರಿದರೆ ನರದ ಬೇರು ಸಿಕ್ಕಿಕೊಂಡಿದೆ ಎಂಬ ಶಂಕೆ ಬಲವಾಗುತ್ತದೆ. ಬರೀ ತೊಡೆಯ ಹಿಂಭಾಗ ಜಗ್ಗಿದರೆ ಅದು ಸ್ನಾಯುವಿನ ಗೊಣಗಾಟ, ಲೆಕ್ಕಕ್ಕಿಲ್ಲ. ಕೆಲವು ರೋಗಿಗಳು ಕಾಲು ಮಂಚ ಬಿಟ್ಟೇಳುವ ಮೊದಲೇ "ಸಾಕ್ರೀ, ಸಾಕ್ರೀ" ಎಂದುಬಿಡುತ್ತಾರೆ. ಅಂಥವರನ್ನು ಮಾತಿಗೆಳೆದು, ಕೂತಲ್ಲಿಯೇ ಕಾಲು ನೀಡಿಸಿ, ಅದೇ ಪರೀಕ್ಷೆಯನ್ನು ಕದ್ದು ಮುಗಿಸುವ ಉಪಾಯವೂ ಇದೆ. ಆಮೇಲೆ ಹೆಬ್ಬೆರಳು ಮೇಲೆತ್ತುವ ಬಲ, ತುದಿಗಾಲಿನಲ್ಲಿ ನಿಲ್ಲುವ ಬಲ, ಹಿಮ್ಮಡಿಯ ಮೇಲಿನ ಸುತ್ತಿಗೆಯ ಏಟು. ಯಾವ ಬೇರು ಕೆಟ್ಟಿದೆ ಎಂಬುದು ಇಷ್ಟರಲ್ಲೇ ಬಹುಮಟ್ಟಿಗೆ ತಿಳಿಯುತ್ತದೆ.

ಆದರೆ ಎಂ.ಆರ್.ಐ. ಆಗದ ಹೊರತು ಮನೆಯವರಿಗೆ ಸಮಾಧಾನವಿಲ್ಲ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರನ್ನು ಈ ಯಂತ್ರದೊಳಗೆ ಕಳಿಸಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕನಿಷ್ಠ ಒಂದಾದರೂ ಡಿಸ್ಕ್ ಉಬ್ಬಿತ್ತು. ನೋವಿಲ್ಲದವರ ಚಿತ್ರವೇ ಹೀಗಿದ್ದರೆ, ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು "ಮೂರ್ ಕಡೆ ಉಬ್ಬೇತಿ" ಎಂದು ತೀರ್ಪು ಕೊಡುವ ಭಾವಮೈದುನನ ಮಾತಿಗೆ ಎಷ್ಟು ತೂಕ ಕೊಡಬೇಕು?

ಬ್ರೂಸ್‌ಪೇಟೆಯ ಭಾಷೆಯಲ್ಲಿ ಫಿಸಿಯೋಥೆರಪಿ ಎಂದರೆ ಕರೆಂಟು. "ಹತ್ತು ದಿನ ಕರೆಂಟ್ ಹಚ್ಚಿಸ್ಕೊಂಡೆ" ಎಂದರೆ ಚಿಕಿತ್ಸೆ ಪೂರ್ತಿಯಾಯಿತೆಂದು ಅರ್ಥ. ಮೊದಲು ಬಿಸಿನೀರಿನಲ್ಲಿ ಅದ್ದಿದ ಪ್ಯಾಕ್ ಅನ್ನು ಟವೆಲಿನಲ್ಲಿ ಸುತ್ತಿ ಸೊಂಟದ ಮೇಲೆ ಇಡುತ್ತಾರೆ. ಬೇಸಿಗೆ, ಕಡುಬೇಸಿಗೆ ಎಂಬ ಎರಡೇ ಕಾಲಗಳಿರುವ ಊರೆಂದು ಹೆಸರಾದ ಬಳ್ಳಾರಿಯಲ್ಲಿ, ಮೇ ತಿಂಗಳ ಮಧ್ಯಾಹ್ನ, ದುಡ್ಡು ಕೊಟ್ಟು ಶಾಖ ತೆಗೆದುಕೊಳ್ಳುವವರ ನಿಷ್ಠೆ ದೊಡ್ಡದು. ಆಮೇಲೆ ನಾಲ್ಕು ಪ್ಯಾಡು ಅಂಟಿಸಿ, ಕರೆಂಟು ಹಾಯಿಸುವ ಐ.ಎಫ್.ಟಿ. ಯಂತ್ರ ಚಾಲೂ ಮಾಡುತ್ತಾರೆ. ಸೊಂಟ ಜುಮುಗುಡುತ್ತದೆ, ರೋಗಿ ಇನ್ನಷ್ಟು ಏರಿಸಲು ಹೇಳುತ್ತಾನೆ, ಕೊಟ್ಟ ದುಡ್ಡಿಗೆ ಅಷ್ಟಾದರೂ ಜುಮುಗುಡಬೇಕೆಂಬುದು ಅವನ ನ್ಯಾಯ. ಕೊನೆಗೆ ಟ್ರ್ಯಾಕ್ಷನ್ ಮಂಚ. ಎದೆಗೊಂದು ಸೊಂಟಕ್ಕೊಂದು ಪಟ್ಟಿ ಬಿಗಿದು ಎರಡು ಕಡೆಗೆ ಜಗ್ಗುವ ಈ ವ್ಯವಸ್ಥೆ ನೋಡುವವರಿಗೆ ಗಾಬರಿ ಹುಟ್ಟಿಸಿದರೂ ಅದರ ಮೇಲೆ ಗೊರಕೆ ಹೊಡೆಯುವವರಿದ್ದಾರೆ.

ಇವುಗಳ ಬಗ್ಗೆ ವಿಜ್ಞಾನದ ಅಭಿಪ್ರಾಯ ಅಷ್ಟು ಉತ್ಸಾಹದ್ದಲ್ಲ. 2016ರ ಬ್ರಿಟನ್ನಿನ ಮಾರ್ಗಸೂಚಿ ಬೆನ್ನುನೋವು, ಸಯಾಟಿಕಾ ಎರಡಕ್ಕೂ ಟ್ರ್ಯಾಕ್ಷನ್, ಕರೆಂಟು, ಅಲ್ಟ್ರಾಸೌಂಡ್, ಸೊಂಟದ ಬೆಲ್ಟು ಬೇಡವೆಂದಿತು. ಹಳೆಯ ಬೆನ್ನುನೋವಿಗೆ ಬೆಲ್ಟು, ಟ್ರ್ಯಾಕ್ಷನ್‌ಗಳನ್ನು ಬಳಸದಿರಲು ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಸಲಹೆ ಕೊಟ್ಟಿತು. ಯಂತ್ರದಿಂದ ಸ್ವಲ್ಪ ಹೊತ್ತು ನೋವು ತಗ್ಗಬಹುದು, ಆ ಹೊತ್ತಿನಲ್ಲಿ ವ್ಯಾಯಾಮ ಮಾಡಿಸಬಹುದು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು. ತೊಡಕೇನೆಂದರೆ, ಯಂತ್ರಕ್ಕೆ ರೋಗಿ ಮಲಗಿದ್ದರೆ ಸಾಕು. ವ್ಯಾಯಾಮವನ್ನು ರೋಗಿಯೇ ಮಾಡಬೇಕು, ಅದೂ ಮನೆಗೆ ಹೋದ ಮೇಲೆ, ಯಾರೂ ನೋಡದಿರುವಾಗ.

ವ್ಯಾಯಾಮಗಳಲ್ಲಿ ಹೆಸರಾದ ಒಂದು ಬಗೆ ಆಕಸ್ಮಿಕವಾಗಿ ಸಿಕ್ಕಿತು. 1956ರಲ್ಲಿ ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟ್ ತನ್ನ ರೋಗಿಯೊಬ್ಬನಿಗೆ ಒಳಗೆ ಹೋಗಿ ಬೋರಲು ಮಲಗಲು ಹೇಳಿದ. ಮಂಚದ ತಲೆಭಾಗ ಮೇಲೆತ್ತಿ ಇಟ್ಟಿದ್ದು ನೆನಪಿರಲಿಲ್ಲ. ರೋಗಿ ಹಾಗೇ ಅದರ ಮೇಲೆ ಬೋರಲಾಗಿ, ಸೊಂಟ ಹಿಂದಕ್ಕೆ ಬಾಗಿಸಿಕೊಂಡು ಮಲಗಿದ. ಕೆಲವು ನಿಮಿಷ ಬಿಟ್ಟು ಬಂದ ಮೆಕೆಂಜಿಗೆ ಎದೆ ಧಸಕ್ಕೆಂದಿತು. ರೋಗಿ ಮಾತ್ರ ವಾರಗಳಿಂದ ಇಷ್ಟು ಆರಾಮವಾಗಿ ಇದ್ದದ್ದೇ ಇಲ್ಲವಂತೆ. ಕಾಲಿನ ನೋವು ಹೋಗಿತ್ತು. ಬೋರಲು ಮಲಗಿ, ಅಂಗೈ ನೆಲಕ್ಕೂರಿ, ಸೊಂಟ ನೆಲದಲ್ಲೇ ಬಿಟ್ಟು ಎದೆ ಎತ್ತುವ ವ್ಯಾಯಾಮ ಅಲ್ಲಿಂದ ಲೋಕಕ್ಕೆಲ್ಲ ಹಬ್ಬಿತು. ನಮ್ಮಲ್ಲಿ ಭುಜಂಗಾಸನ ಬಲ್ಲವರು ಇದರಲ್ಲೇನು ಹೊಸದು ಎಂದು ಕೇಳುವುದು ಸಹಜವೇ. ದಿನಕ್ಕೆ ನಾಲ್ಕಾರು ಬಾರಿ, ಹತ್ತು ಹತ್ತು ಸಲದಂತೆ, ನೋವು ಎತ್ತ ಸರಿಯುತ್ತದೆ ಎಂದು ನೋಡಿಕೊಂಡು ಮಾಡಬೇಕೆಂಬುದು ಹೊಸದು.

ನೋವು ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಹಿಂದೆ ಸರಿಯುತ್ತ ಹೋದರೆ ಅದು ಶುಭಸೂಚನೆ. ಇಲ್ಲೇ ಜಗಳ ಶುರುವಾಗುವುದು. "ಕಾಲು ಪರವಾಗಿಲ್ರೀ, ಸೊಂಟ ಜಾಸ್ತಿ ಆಗೇತಿ" ಎಂದು ರೋಗಿ ದೂರುತ್ತಾನೆ. ಫಿಸಿಯೋಥೆರಪಿಸ್ಟರ ಮುಖ ಅರಳುತ್ತದೆ. ತನ್ನ ಸಂಕಟಕ್ಕೆ ಇವರು ಹಿಗ್ಗುವುದನ್ನು ಕಂಡು ರೋಗಿ ಮತ್ತೊಂದು ಕ್ಲಿನಿಕ್ಕಿನ ವಿಳಾಸ ವಿಚಾರಿಸುವುದೂ ಉಂಟು. ನೋವು ಮತ್ತಷ್ಟು ಕೆಳಕ್ಕೆ ಇಳಿದರೆ ಮಾತ್ರ ಆ ವ್ಯಾಯಾಮ ನಿಲ್ಲಿಸಬೇಕು. ವಯಸ್ಸಾದವರಲ್ಲಿ ನರದ ಹಾದಿಯೇ ಕಿರಿದಾಗಿ ಬರುವ ನೋವಿಗೆ ಇದು ಹೊಂದುವುದಿಲ್ಲ. ಅವರಿಗೆ ಮುಂದಕ್ಕೆ ಬಾಗಿದರೇ ಹಿತ. ಬರಿಗೈಯಲ್ಲಿ ನೂರು ಹೆಜ್ಜೆ ನಡೆಯಲಾರದ ಹಿರಿಯರು ತಳ್ಳುಗಾಡಿ ಹಿಡಿದರೆ ತೇರುಬೀದಿಯ ಉದ್ದಕ್ಕೂ ಹೋಗಿಬರುವುದು ಇದರಿಂದಲೇ.

ಉಳಿದ ವ್ಯಾಯಾಮಗಳು ಸಾದಾ. ಕುರ್ಚಿಯಲ್ಲಿ ಕೂತು ಕಾಲು ನೀಡುತ್ತ ತಲೆ ಎತ್ತುವುದು, ಮಡಚುತ್ತ ತಲೆ ತಗ್ಗಿಸುವುದು, ಇದರಿಂದ ನರ ತನ್ನ ಹಾದಿಯಲ್ಲಿ ಅತ್ತಿತ್ತ ಸರಿದಾಡಲು ಕಲಿಯುತ್ತದೆ. ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು. ಅಂಬೆಗಾಲಿಟ್ಟು ಒಂದು ಕೈ, ಎದುರು ಬದಿಯ ಕಾಲು ನೀಡುವುದು. ನಡುಮನೆಯಲ್ಲಿ ಜಮಖಾನ ಹಾಸಿ ಅಜ್ಜ ಅಂಬೆಗಾಲಿಟ್ಟ ಕೂಡಲೇ ಮೊಮ್ಮಗ ಬೆನ್ನೇರಿ ಕೂರುವುದು ಎಲ್ಲ ಮನೆಗಳ ತೊಂದರೆ. ಬಾಗಿಲಿಗೆ ಚಿಲಕ ಹಾಕುವುದೊಂದೇ ಉಪಾಯ. ಇವೆಲ್ಲಕ್ಕಿಂತ ಅಗ್ಗದ್ದು ನಡಿಗೆ. ಬಿಸಿಲೇರುವ ಮೊದಲು ಮುನ್ಸಿಪಲ್ ಮೈದಾನದಲ್ಲಿ ಮೊದಲ ದಿನ ಹತ್ತು ನಿಮಿಷ, ಆಮೇಲೆ ನಿಧಾನವಾಗಿ ಹೆಚ್ಚು.

ಕೆಲವು ಲಕ್ಷಣಗಳಿಗೆ ಇದ್ಯಾವುದೂ ಸಲ್ಲದು. ಮೂತ್ರ ಕಟ್ಟಿಕೊಳ್ಳುವುದು ಅಥವಾ ತಾನಾಗಿ ಹೋಗಿಬಿಡುವುದು, ಮಲದ ಮೇಲೆ ಹತೋಟಿ ತಪ್ಪುವುದು, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಾಗುವುದು, ಎರಡೂ ಕಾಲು ಸೋಲುವುದು, ಇಲ್ಲವೇ ಪಾದ ಎತ್ತಲಾಗದೆ ಚಪ್ಪಲಿ ಕಳಚಿ ಬೀಳುವುದು ಕಂಡರೆ ಅಂದೇ ದೊಡ್ಡ ಆಸ್ಪತ್ರೆಗೆ ಓಡಬೇಕು. ಬಳ್ಳಾರಿಯಲ್ಲಿ ಅದಕ್ಕೆ 1961ರಿಂದ ಇರುವ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬೋರ್ಡಿನ ಮೇಲೆ ಹೆಸರು ಬದಲಾದರೂ ಆಟೋದವರಿಗೆ ವಿಮ್ಸ್ ಎಂದರೇ ತಿಳಿಯುವುದು. ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದ ಪೆಟ್ಟು, ಇವುಗಳ ಜೊತೆ ಬಂದ ಬೆನ್ನುನೋವನ್ನೂ ಮೊದಲು ವೈದ್ಯರೇ ನೋಡಬೇಕು. ವಾರಗಟ್ಟಲೆ ಪ್ರಯತ್ನಿಸಿದರೂ ಜಗ್ಗದ ನೋವಿಗೆ ಶಸ್ತ್ರಚಿಕಿತ್ಸೆ ಉಂಟು. ಅದು ಕಾಲಿನ ನೋವನ್ನು ಬೇಗ ಇಳಿಸುತ್ತದೆ.

ಕೆಲಸಕ್ಕೆ ಮರಳಿದವರ ಮುಂದಿನ ಪ್ರಶ್ನೆ ಭಾರ ಎತ್ತುವುದು. 1999ರಲ್ಲಿ ಜರ್ಮನಿಯ ಉಲ್ಮ್‌ನಲ್ಲಿ ಸ್ವಯಂಸೇವಕನೊಬ್ಬನ ಡಿಸ್ಕಿನೊಳಗೇ ಒತ್ತಡಮಾಪಕ ಇಟ್ಟು ಅಳೆದರು. ಬೆನ್ನು ಬಗ್ಗಿಸಿ 20 ಕಿಲೋ ಎತ್ತಿದಾಗ ಒತ್ತಡ ಸುಮ್ಮನೆ ನಿಂತಿದ್ದಾಗಿನ ನಾಲ್ಕು ಪಟ್ಟು ದಾಟಿತು. ಮೊಣಕಾಲು ಮಡಚಿ ಎತ್ತಿದಾಗ ಕಡಿಮೆಯಾಯಿತು, ಅದೇ ಭಾರವನ್ನು ಎದೆಗೆ ಅವಚಿ ಹಿಡಿದಾಗ ಇನ್ನೂ ಕಡಿಮೆ. ಎ.ಪಿ.ಎಂ.ಸಿ. ಅಂಗಳದ ಹಮಾಲರು ಮೂಟೆಯನ್ನು ಮೈಗೆ ಅಂಟಿಸಿಕೊಂಡೇ ನಡೆಯುತ್ತಾರೆ. ಅವರಿಗೆ ಜರ್ಮನಿಯಿಂದ ಕಲಿಯಬೇಕಾದದ್ದು ಹೆಚ್ಚಿಲ್ಲ. ಕಲಿಯಬೇಕಾದವರು ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಕ್ಯಾನು ತರುವ ಮನೆಯ ಯಜಮಾನರು. ಕ್ಯಾನಿನೊಳಗಿನ ನೀರಿನ ಭಾರ ಅದೇ 20 ಕಿಲೋ, ಎತ್ತುವ ರೀತಿಯೂ ಸರಿಯಾಗಿ ಆ ಕೆಟ್ಟ ರೀತಿಯೇ: ಸ್ಕೂಟರ್ ಬಿಟ್ಟಿಳಿಯದೆ, ಒಂದು ಪಕ್ಕಕ್ಕೆ ತಿರುಗಿ ಬಾಗಿ, ಒಂದೇ ಕೈಯಲ್ಲಿ. ಇಳಿದು, ಹತ್ತಿರ ನಿಂತು, ಮೊಣಕಾಲು ಮಡಚಿ, ಹೊಟ್ಟೆಗೆ ಒತ್ತಿ ಹಿಡಿದು ಎತ್ತಬೇಕು. ಅರ್ಧ ಅರ್ಧವಾಗಿ ಎರಡು ಕ್ಯಾನು ತುಂಬಿಸಿಕೊಂಡರೆ ಇನ್ನೂ ವಾಸಿ. ನಾಣ್ಯ ನುಂಗಿದ ಮೇಲೆ ಇಪ್ಪತ್ತೂ ಲೀಟರ್ ಒಂದೇ ಉಸಿರಿಗೆ ಸುರಿಯುವ ಯಂತ್ರದ ಮುಂದೆ, ಹಿಂದೆ ಕಾದು ನಿಂತವರ ಬಾಯಿಗೆ ಹೆದರದೆ ಹಾಗೆ ಮಾಡುವ ಗಟ್ಟಿಗರು ಸಿಕ್ಕರೆ.