ಆಕ್ಸಲ್ ಪಂಚಾಯಿತಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ ಕಡೆ ಟ್ರ್ಯಾಕ್ಟರು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಎಂಜಿನ್ನಿನ ಸದ್ದಲ್ಲ, ಹಾಡಿನದು. ಡ್ರೈವರನ ತಲೆಯ ಹಿಂದೆ ಒಂದು ಮದುವೆ ಮುಗಿಸುವಷ್ಟು ಸ್ಪೀಕರುಗಳಿರುತ್ತವೆ. ಆಮೇಲೆ ಟ್ರ್ಯಾಕ್ಟರು, ಅದರ ಬೆನ್ನಿಗೊಂದು ಟ್ರಾಲಿ, ಆ ಟ್ರಾಲಿಯ ಬೆನ್ನಿಗೆ ಇನ್ನೊಂದು. ಎರಡರ ಮೇಲೂ ಕರೆಂಟಿನ ತಂತಿಯನ್ನು ಮಾತಾಡಿಸುವಷ್ಟು ಎತ್ತರಕ್ಕೆ ಕಬ್ಬು. ಹಿಂದಿನ ಹಲಗೆಯ ಮೇಲೆ ರೈತ ದೇಶದ ಬೆನ್ನೆಲುಬು ಎಂದು ಬರೆಸಿರುತ್ತಾರೆ. ಅದನ್ನು ಓದಿದವರು ಕಣ್ಣನ್ನು ಎರಡಡಿ ಕೆಳಗಿಳಿಸಿದರೆ ಟ್ರಾಲಿಯ ಬೆನ್ನೆಲುಬೂ ಕಾಣುತ್ತದೆ. ಗಾಲಿಯಿಂದ ಗಾಲಿಗೆ ಹಾಯ್ದಿರುವ ಉಕ್ಕಿನ ದಪ್ಪ ತೊಲೆ ಅದು, ಅಂದರೆ ಆಕ್ಸಲ್. ಕೆಲವು ಟ್ರಾಲಿಗಳಲ್ಲಿ ಗಾಲಿಗಳೆರಡೂ ತಲೆ ಒಳಕ್ಕೆ ವಾಲಿಸಿ, ಕಟ್ಟೆಯ ಮೇಲಿನ ಹಿರಿಯರ ಹಾಗೆ ಗುಟ್ಟು ಮಾತಾಡುತ್ತಿರುತ್ತವೆ. ಆ ಆಕ್ಸಲ್ ಬಗ್ಗಿದೆ ಎಂದೇ ಅರ್ಥ.

ತೇರಿನ ಅಚ್ಚು ಮುರಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಅಪಶಕುನವೆಂದು ಶಾಂತಿ ಮಾಡಿಸುತ್ತಾರೆ. ದಶರಥನ ರಥದ ಕಡೆಗೀಲು ಕಳಚಿದಾಗ ಕೈಕೇಯಿ ಬೆರಳನ್ನೇ ಕೀಲಾಗಿಸಿದಳೆಂದು ಹರಿಕಥೆಯ ದಾಸರು ಹೇಳುತ್ತಾರೆ. ಕಳಚಿದ್ದು ಕಣ್ಣಿಗೆ ಕಂಡಿದ್ದರಿಂದ ಆಕೆಗೆ ಎರಡು ವರ ದಕ್ಕಿತು. ಅಚ್ಚು ಬರೀ ಬಗ್ಗಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲ, ರಾಮಾಯಣ ಅಯೋಧ್ಯೆಯಲ್ಲೇ ಮುಗಿಯುತ್ತಿತ್ತೇನೋ. ಬಗ್ಗಿದ ಆಕ್ಸಲ್ ಬಾಯಿ ಬಿಡುವುದಿಲ್ಲ. ಅದರ ಪರವಾಗಿ ಟೈರು ಶಿಕ್ಷೆ ಅನುಭವಿಸುತ್ತದೆ.

ಆದ್ದರಿಂದ ರಸ್ತೆ ಬದಿಯ ವೆಲ್ಡಿಂಗ್ ಶೆಡ್ಡಿಗೆ ಬರುವ ದೂರು ಯಾವಾಗಲೂ ಟೈರಿನ ಮೇಲೆಯೇ. ಇಂಥ ಶೆಡ್ಡುಗಳಲ್ಲಿ ಕೆಲಸವಿಲ್ಲದೆ ನಿಲ್ಲುವ ಚಟ ನನಗಿದೆ. ಅಲ್ಲಿ ಟ್ರಾಲಿಯ ಒಡೆಯರು ಹೀಗೆ ಪ್ರಾರಂಭಿಸುತ್ತಾರೆ: “ಟೈರ್ ಹಾಕಿ ಒಂದ ಹಂಗಾಮ ಸೈತ ಆಗಿಲ್ರೀ ಮಿಸ್ತ್ರಿ, ಒಳ ಮಗ್ಗಲ ಪೂರಾ ನುಣ್ಣಗ ಆಗೈತಿ. ಅಂಗಡ್ಯಾಂವ ಮೋಸ ಮಾಡ್ಯಾನ.” ಡ್ರೈವರ್ ರಸ್ತೆಯನ್ನು ಬೈಯುತ್ತಾನೆ. ಒಡೆಯರು ಡ್ರೈವರನನ್ನು ಬೈಯುತ್ತಾರೆ. ಮಿಸ್ತ್ರಿ ಯಾರನ್ನೂ ಬೈಯದೆ ಟೈರಿನ ಮೇಲೆ ಅಂಗೈ ಆಡಿಸುತ್ತಾನೆ.

ಒಳ ಅಂಚು ಸವೆದಿದ್ದರೆ ಭಾರದ ಮೇಲೆ ಸಂಶಯ. ಕಬ್ಬಿನ ತೂಕ ಪಾಟಾಗಳ, ಅಂದರೆ ಸ್ಪ್ರಿಂಗ್ ಪಟ್ಟಿಗಳ, ಮೂಲಕ ಆಕ್ಸಲ್ಲಿನ ಮೇಲೆ ಬೀಳುವುದು ಗಾಲಿಗಳಿಂದ ಒಳಗಡೆಗೆ. ಎತ್ತಿ ಹಿಡಿಯುವ ಗಾಲಿಗಳಿರುವುದು ಎರಡು ತುದಿಯಲ್ಲಿ. ಹೊರೆ ಮಿತಿ ಮೀರಿದಾಗ ನಡು ಕುಸಿಯುತ್ತದೆ, ಗಾಲಿಗಳ ತಲೆ ಒಳಕ್ಕೆ ಬರುತ್ತದೆ, ಟೈರು ಒಳ ಅಂಚಿನ ಮೇಲೆ ಓಡುತ್ತದೆ. ಅಂಗೈಗೆ ಗರಗಸದ ಹಲ್ಲಿನಂಥ ತರಿ ಒಂದೇ ದಿಕ್ಕಿಗೆ ತಾಗಿದರೆ ಕಥೆ ಬೇರೆ: ಗಾಲಿ ಯಾವುದೋ ಗುಂಡಿಗೆ ಬಡಿದು ಆಕ್ಸಲ್ಲಿನ ತುದಿ ಹಿಂದಕ್ಕೆ ಬಾಗಿದೆ, ಟೈರು ಉರುಳುವುದರ ಜೊತೆಗೆ ಸ್ವಲ್ಪ ಅಡ್ಡಡ್ಡ ಉಜ್ಜಿಕೊಂಡೂ ಹೋಗುತ್ತಿದೆ. ತೊಡಕೇನೆಂದರೆ, ಟ್ರಾಲಿಗೆ ಹಾಕುವುದು ಎಷ್ಟೋ ಸಲ ಲಾರಿಯಿಂದ ಇಳಿಸಿದ ಹಳೆ ಟೈರು. ಅದರ ಸವೆತದಲ್ಲಿ ಯಾವುದು ಪೂರ್ವಜನ್ಮದ ಕರ್ಮ, ಯಾವುದು ಈ ಜನ್ಮದ್ದು ಎಂದು ಬಿಡಿಸಿ ಹೇಳಲು ಅನುಭವ ಬೇಕು.

ಈ ಹೊತ್ತಿಗೆ ನನ್ನ ಹಾಗೆ ಸುಮ್ಮನೆ ನಿಂತವರಲ್ಲಿ ಒಬ್ಬರು, “ಗಾಲಿ ತಿರುಗಿಸಿ ನೋಡ್ರಿ, ಓಲಾಡಿದ್ರ ಆಕ್ಸಲ್ ಬಗ್ಗೈತಿ” ಎಂದು ತೀರ್ಪು ಕೊಡುತ್ತಾರೆ. ತೀರ್ಪು ತಪ್ಪು. ಟ್ರಾಲಿಯ ಆಕ್ಸಲ್ ತಿರುಗುವುದೇ ಇಲ್ಲ. ಅದು ಸುಮ್ಮನೆ ನಿಂತಿರುತ್ತದೆ, ಅದರ ತುದಿಯಲ್ಲಿ ಗಾಲಿ ತಿರುಗುತ್ತದೆ. ಆಕ್ಸಲ್ ಬಗ್ಗಿದರೆ ಗಾಲಿ ವಾಲಿರುತ್ತದೆ, ಆದರೆ ವಾಲಿದಲ್ಲೇ ನೆಟ್ಟಗೆ ತಿರುಗುತ್ತದೆ. ಓಲಾಡಿದರೆ ಟೈರು ಕೂರುವ ಡಿಸ್ಕು ಬಗ್ಗಿರಬೇಕು, ಇಲ್ಲವೇ ಬೇರಿಂಗು ಸಡಿಲಾಗಿರಬೇಕು. ಶಂಕುವಿನಾಕಾರದ ರೋಲರುಗಳ ಆ ಬೇರಿಂಗಿಗೆ 1898ರಲ್ಲಿ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್ ಅಮೆರಿಕದಲ್ಲಿ ಕುದುರೆಗಾಡಿ ಮಾಡುತ್ತಿದ್ದವನು. ಮೇಲಿನ ಭಾರದ ಜೊತೆಗೆ ಅಡ್ಡಕ್ಕೆ ಬರುವ ನೂಕನ್ನೂ ಅದು ತಡೆಯುತ್ತದೆ. ನಮ್ಮ ಕಬ್ಬಿನ ಹೊರೆಯನ್ನು ಅವನು ಕಂಡಿರಲಿಲ್ಲ, ಪಾಪ.

ಪತ್ತೇದಾರಿಕೆಗೆ ಬೇಕಾದ ಸಲಕರಣೆ ಇಷ್ಟೇ: ಹುರಿ, ಸುಣ್ಣದ ಕಡ್ಡಿ, ತೂಕದ ಗುಂಡು. ಖಾಲಿ ಟ್ರಾಲಿಯನ್ನು ಸಮ ನೆಲದಲ್ಲಿ ನಿಲ್ಲಿಸಿ ಗುಂಡು ಇಳಿಬಿಟ್ಟರೆ ಗಾಲಿಯ ವಾಲು ಸಿಗುತ್ತದೆ. ಆಮೇಲಿನದು ನನಗೆ ತುಂಬ ಇಷ್ಟವಾದ ಭಾಗ. ಎರಡೂ ಟೈರುಗಳ ಮುಂಭಾಗದಲ್ಲಿ, ಹಬ್ಬಿನ ಎತ್ತರಕ್ಕೆ, ಸುಣ್ಣದ ಗುರುತು ಹಾಕಿ ನಡುವಿನ ಅಂತರ ಅಳೆಯುತ್ತಾರೆ. ಟ್ರಾಲಿಯನ್ನು ಗಾಲಿ ಅರ್ಧ ಸುತ್ತು ಉರುಳುವಷ್ಟು ಮುಂದೆ ನೂಕಿ, ಅವೇ ಗುರುತುಗಳು ಹಿಂದಕ್ಕೆ ಬಂದಾಗ ಮತ್ತೆ ಅಳೆಯುತ್ತಾರೆ. ಅಳತೆ ಅವೇ ಗುರುತುಗಳ ನಡುವಿನದು. ಡಿಸ್ಕು ಸೊಟ್ಟಗಿದ್ದರೂ ಲೆಕ್ಕ ಕೆಡುವುದಿಲ್ಲ. ಎರಡು ಅಳತೆಗೂ ವ್ಯತ್ಯಾಸ ಬಂತೋ, ಗಾಲಿಗಳು ಒಂದೇ ದಾರಿಗೆ ಮುಖ ಮಾಡಿಲ್ಲ. ಎರಡು ಗಾಲಿಯ ಟ್ರಾಲಿಯಾದರೆ ಮುಂದಿನ ಕೊಂಡಿಯಿಂದ ಎರಡೂ ಹಬ್ಬಿಗೆ ಹುರಿ ಎಳೆದು ನೋಡಬೇಕು. ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಬಂದರೆ ಕೆಲವೊಮ್ಮೆ ಆಕ್ಸಲ್ ಅಮಾಯಕ. ಯೂ ಬೋಲ್ಟು ಸಡಿಲಾಗಿ ಅದು ಪಾಟಾದಡಿ ಜರುಗಿರುತ್ತದೆ, ಅಷ್ಟೆ. ಈ ಒಂದು ಅಳತೆ ಬಿಟ್ಟು ನೇರವಾಗಿ ಗ್ಯಾಸ್ ಕಟರ್ ಹೊತ್ತಿಸುವವನ ಕೈಗೆ ನಾನು ಸೈಕಲ್ಲನ್ನೂ ಕೊಡುವುದಿಲ್ಲ.

ಗ್ಯಾಸ್ ಕಟರ್ ಎಂದರೆ ನೋಡುವವರಿಗೆ ಹಬ್ಬ. ಕೆಂಪಗೆ ಕಾಯಿಸಿ, ಬಡಿದು, ಬಕೆಟ್ಟು ನೀರು ಸುರಿದರೆ ಬುಸ್ಸೆನ್ನುವ ಹಬೆ. ಆದರೆ ಕಾಯಿಸಿದಲ್ಲಿ ಉಕ್ಕಿನ ಹದ ಹೋಗುತ್ತದೆ, ಒಮ್ಮೆಲೇ ತಣಿಸಿದರೆ ಪೆಡಸಾಗಿ ಬಿರುಕು ಬಿಡಬಹುದು. ತಿಳಿದವರು ತಣ್ಣಗೇ ನೆಟ್ಟಗೆ ಮಾಡುತ್ತಾರೆ. ಆಕ್ಸಲ್ಲಿನಡಿ ದಪ್ಪ ಗರ್ಡರು, ಎರಡು ತುದಿಗೆ ಸರಪಳಿ ಬಿಗಿತ, ನಡುವೆ ಹೈಡ್ರಾಲಿಕ್ ಜಾಕು. ಒಂದೊಂದು ಒತ್ತಿಗೂ ಸರಪಳಿ ಕಿರುಗುಟ್ಟುತ್ತದೆ, ನೆರೆದವರು ತಾವಾಗಿಯೇ ಹಿಂದೆ ಸರಿಯುತ್ತಾರೆ. ನೆಟ್ಟಗಾಯಿತೆಂದು ಜಾಕು ಇಳಿಸಿದರೆ ಉಕ್ಕು ಕೊಂಚ ವಾಪಸು ಬಗ್ಗುತ್ತದೆ. ಹಾಗಾಗಿ ನೆಟ್ಟಗಿನ ಗೆರೆ ದಾಟಿ ಆಚೆಗೂ ಒಂದಿಷ್ಟು ಒತ್ತಬೇಕು. ಎಷ್ಟು ಎಂಬುದು ಪ್ರತಿ ಮಿಸ್ತ್ರಿಯ ಸ್ವಂತ ಆಸ್ತಿ, ಕೇಳಿದರೆ ನಗುತ್ತಾನೆ.

ಬೇರಿಂಗು ಕೂರುವ ತುದಿಯೇ ಬಗ್ಗಿದ್ದರೆ ಅಥವಾ ಬಿರುಕಿದ್ದರೆ ಈ ಆಟವೆಲ್ಲ ಬೇಡ, ಆಕ್ಸಲ್ಲನ್ನೇ ಬದಲಿಸಬೇಕು. ಒಮ್ಮೆ ಬಗ್ಗಿದ್ದು ಮತ್ತೆ ಅಲ್ಲೇ ಬಗ್ಗಿತೆಂದರೂ ಅಷ್ಟೇ. ಕೆಲವರು ಗಟ್ಟಿಯಾಗಲೆಂದು ಆಕ್ಸಲ್ಲಿನ ಹೊಟ್ಟೆಗೆ ಪಟ್ಟಿ ಇಟ್ಟು ಅಡ್ಡ ವೆಲ್ಡ್ ಹಾಕಿಸುತ್ತಾರೆ. ಹೊರೆ ಬಿದ್ದಾಗ ಜಗ್ಗಿಸಿಕೊಳ್ಳುವುದು ಆ ಕೆಳಮೈಯೇ. ಬಿರುಕು ಹುಟ್ಟುವುದೂ ಆ ವೆಲ್ಡಿನ ಅಂಚಿನಲ್ಲೇ.

2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ಅತಿಭಾರಕ್ಕೆ 20,000 ರೂಪಾಯಿ ದಂಡವಿದೆ, ಹೆಚ್ಚಿದ ಪ್ರತಿ ಟನ್ನಿಗೆ ಮತ್ತೆ 2,000. ಆಕ್ಸಲ್ ಹಾಕುವ ದಂಡಕ್ಕೆ ರಸೀದಿಯಿಲ್ಲ. ಮಿಸ್ತ್ರಿ ಇದನ್ನು ಸೌಮ್ಯವಾಗಿ ತಿಳಿಸುತ್ತಾನೆ: “ಟೈರಿಂದೇನ ತಪ್ಪಿಲ್ರೀ ಸಾವ್ಕಾರ್ರ. ಅದನ್ನ ಡಿಸ್ಕಿನ ಮ್ಯಾಲ ಒಳಗಿಂದ ಹೊರಗ ಮಾಡಿ ಕೂಡಿಸ್ರಿ, ಈ ಹಂಗಾಮ ದಾಟತೈತಿ. ಆದ್ರ ಹೇರೂದು ಕಡಿಮಿ ಮಾಡ್ರಿ.” ಒಡೆಯರು ಮೊದಲನೆಯ ಮಾತಿಗೆ ತಲೆಯಾಡಿಸುತ್ತಾರೆ, ಎರಡನೆಯದಕ್ಕೆ, ಫ್ಯಾಕ್ಟರಿ ಮುಂದೆ ಪಾಳಿ ನಿಲ್ಲುವುದು ಒಂದೇ ಆದಮೇಲೆ ಕಡಿಮೆ ಹೇರಿ ನಿಲ್ಲುವುದು ಯಾಕೆ ಎನ್ನುತ್ತಾರೆ. ಅದಕ್ಕೆ ಹುರಿ, ಗುಂಡು ಯಾವುದರಲ್ಲೂ ಉತ್ತರವಿಲ್ಲ. ಮಿಸ್ತ್ರಿ ಸುಮ್ಮನೆ ಹುರಿ ಸುತ್ತಿಕೊಂಡು ಹಿಂದಿನ ಟ್ರಾಲಿಯ ಕಡೆ ಹೊರಡುತ್ತಾನೆ.

“ಅದರ ತಂಟೇಕ್ಕ ಹೋಗಬ್ಯಾಡ್ರಿ,” ಒಡೆಯರು ಗಾಬರಿಯಿಂದ ಅಡ್ಡ ಬರುತ್ತಾರೆ. “ಅಳದು ನೋಡಿದ್ರ ಏನರ ಸಿಕ್ಕೇ ಸಿಗತೈತಿ.”