ಗಂಟೆ ಒತ್ತಿದವರ ಲೆಕ್ಕ

ಒಬ್ಬ ಮನುಷ್ಯನಿಗೆ ಹಿತೈಷಿಗಳು ಎಷ್ಟಿರಬೇಕು ಎಂದು ನಮ್ಮ ಹಿರಿಯರು ಯಾರೂ ಲೆಕ್ಕ ಹಾಕಿ ಹೇಳಿರಲಿಲ್ಲ. 2018ರ ಜನವರಿಯಲ್ಲಿ ಯೂಟ್ಯೂಬ್ ಹೇಳಿತು: ಸಾವಿರ. ಚಾನೆಲ್‌ಗೆ ಸಾವಿರ ಸಬ್‌ಸ್ಕ್ರೈಬರ್‌ಗಳಿರಬೇಕು, ಹನ್ನೆರಡು ತಿಂಗಳಲ್ಲಿ ಜನ ಅದನ್ನು ಒಟ್ಟು ನಾಲ್ಕು ಸಾವಿರ ಗಂಟೆ ನೋಡಿರಬೇಕು. ಆಮೇಲೆ ಜಾಹೀರಾತಿನ ದುಡ್ಡಿನಲ್ಲಿ ಪಾಲು. ಅಂದಿನಿಂದ ಈ ನಾಡಿನಲ್ಲಿ ಸಾವಿರ ಎಂಬ ಅಂಕಿಗೆ ಬಂದಿರುವ ಮರ್ಯಾದೆ ಸಹಸ್ರನಾಮಕ್ಕೂ ಬಂದಿಲ್ಲ.

ಮದುವೆಮನೆಯಲ್ಲಿ, ನಾಮಕರಣದಲ್ಲಿ, ಕಡೆಗೆ ತಿಥಿ ಊಟದ ಪಂಕ್ತಿಯಲ್ಲೂ ಯಾರಾದರೂ ಪಕ್ಕಕ್ಕೆ ಸರಿದು ‘ನಿಮ್ ಫೋನ್ ಒಂದ್ನಿಮಿಷ ಕೊಡ್ತೀರಾ?’ ಎಂದರೆ ಕಳ್ಳರೆಂದು ಹೆದರಬೇಕಿಲ್ಲ. ಅವರು ಹೊಸದಾಗಿ ಚಾನೆಲ್ ಶುರು ಮಾಡಿದ್ದಾರೆ, ಅಷ್ಟೆ. ಫೋನು ವಾಪಸ್ ಬರುತ್ತದೆ. ಬರುವಷ್ಟರಲ್ಲಿ ನೀವು ಹತ್ತು ಬಗೆಯ ಚಟ್ನಿಪುಡಿ, ಒಂದು ವಾಸ್ತುಶಾಸ್ತ್ರ ಮತ್ತು ಯಶಸ್ಸಿನ ಏಳು ಗುಟ್ಟುಗಳ ಅಭಿಮಾನಿಯಾಗಿರುತ್ತೀರಿ.

ನನ್ನ ಭಾವಮೈದುನನದೂ ಒಂದು ಚಾನೆಲ್ ಇದೆ. ಮೊದಲು ಅದು ಅಡುಗೆಯದಾಗಿತ್ತು. ಇವರಿಗೆ ಅನ್ನಕ್ಕೆ ನೀರಿಡಲೂ ಬರುವುದಿಲ್ಲ ಎಂದು ಅವನ ಹೆಂಡತಿಯೇ ಕಮೆಂಟ್ ಹಾಕಿದ ಮೇಲೆ ಕೃಷಿಗೆ ಬಂದ. ಜಮೀನು ಇಲ್ಲದಿರುವುದು ಕೃಷಿ ಚಾನೆಲ್‌ಗೆ ಅಡ್ಡಿಯಲ್ಲವೆಂದು ನನಗೆ ತಿಳಿದದ್ದು ಆಗ. ಈಗ ಸಾಧನೆ, ಛಲ, ಗುರಿ ಇತ್ಯಾದಿಗಳ ಬಗ್ಗೆ ಮಾತಾಡುತ್ತಾನೆ. ಇದಕ್ಕೆ ಅಕ್ಕಿಯೂ ಬೇಡ, ನೆಲವೂ ಬೇಡ. ಮೊನ್ನೆ ಸಿಕ್ಕಾಗ ನೇರವಾಗಿ ವಿಚಾರಣೆಗೆ ತೆಗೆದುಕೊಂಡ.

‘ಭಾವ, ಇನ್ನೂ ಸಬ್‌ಸ್ಕ್ರೈಬ್ ಮಾಡಿಲ್ವಂತೆ? ಅಕ್ಕ ಹೇಳಿದ್ಲು.’

‘ನೋಡೋಕೆ ಪುರುಸೊತ್ತು ಬೇಕಲ್ಲೋ.’

‘ಅಯ್ಯೋ, ನೋಡಿ ಅಂತ ಯಾರು ಹೇಳಿದ್ರು ಭಾವ? ಒತ್ತಿ ಸಾಕು. ಪಕ್ಕದಲ್ಲಿ ಗಂಟೆ ಇದೆ, ಅದನ್ನೂ ಒತ್ತಿ. ಒತ್ತಿದ್ಮೇಲೆ ಆಲ್ ಅಂತ ಬರುತ್ತೆ, ಅದನ್ನೂ.’

ಓದುಗರಿಲ್ಲ ಎಂದು ಬರೆಯುವವರು ಕೊರಗುವುದು ಕನ್ನಡದಲ್ಲಿ ಹಳೆಯ ರೋಗ. ಓದುಗರು ಬೇಡ, ಅವರ ಲೆಕ್ಕ ಕೊಟ್ಟರೆ ಸಾಕು ಎನ್ನುವ ಆರೋಗ್ಯವಂತರನ್ನು ನಾನು ಕಂಡದ್ದು ಈಗಲೇ. ಅವನ ಕಷ್ಟವೂ ಸಣ್ಣದಲ್ಲ. ನಾಲ್ಕು ಸಾವಿರ ಗಂಟೆಯೆಂದರೆ ಒಬ್ಬನೇ ಹಗಲು ರಾತ್ರಿ ರೆಪ್ಪೆ ಬಡಿಯದೆ ನೋಡಿದರೂ 166 ದಿನ ದಾಟುತ್ತದೆ. ಹಾಗಾಗಿ ನನ್ನ ಮಾವನ ಮನೆಯಲ್ಲಿ ಹಳೆಯ ಫೋನೊಂದು ದೇವರಕೋಣೆಯ ಪಕ್ಕ ಚಾರ್ಜಿಗೆ ಕೂತು, ದನಿ ಅಡಗಿಸಿಕೊಂಡು, ಅಹೋರಾತ್ರಿ ‘ಛಲವಿದ್ದರೆ ಗೆಲುವು’ ನೋಡುತ್ತಿದೆ. ಆ ಫೋನಿಗೆ ಏನಾದರೂ ಛಲ ಬಂದಿದೆಯೋ ತಿಳಿಯದು. ಬ್ಯಾಟರಿ ಮಾತ್ರ ಉಬ್ಬಿದೆ.

ಭಾವಮೈದುನ ಪಾಪದವನು. ಈ ವಿದ್ಯೆಯಲ್ಲಿ ಪಳಗಿದವರನ್ನು ನೋಡಬೇಕಾದರೆ ರಾಜ್ಯ ಸರ್ಕಾರದ ಗೃಹಲಕ್ಷ್ಮಿಯ ಹತ್ತಿರ ಬರಬೇಕು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆಗೆ ಚಾಲನೆ ಸಿಕ್ಕಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಇದರಿಂದ ಲಾಭ ಪಡೆದ ಯಜಮಾನಿಯರ ಲೆಕ್ಕ ಸರ್ಕಾರದ ಬಳಿ ಇದೆ. ಲಾಭ ಪಡೆದ ಚಾನೆಲ್‌ಗಳ ಲೆಕ್ಕ ಯಾರ ಬಳಿಯೂ ಇಲ್ಲ. ಕಂತು ಒಂದು ವಾರ ತಡವಾಯಿತೋ, ಬೆಳ್ಳಂಬೆಳಗ್ಗೆ ಬಂಪರ್ ಸುದ್ದಿ ಶುರು. ವಿಡಿಯೋದ ಮುಖಚಿತ್ರದಲ್ಲಿ ಮುಖ್ಯಮಂತ್ರಿಗಳ ನಗುಮುಖ, ಐನೂರರ ನೋಟಿನ ಕಂತೆ, ಕಂತೆಯ ಕಡೆಗೆ ಕೆಂಪು ಬಾಣ, ಬಾಣ ಕಾಣದಿದ್ದರೆ ಎಂದು ಅದರ ಸುತ್ತ ಹಳದಿ ವೃತ್ತ. ಒಳಗೆ ಹೋದರೆ: ‘ಎಲ್ಲರಿಗೂ ನಮಸ್ಕಾರ. ಗೃಹಲಕ್ಷ್ಮಿಯರಿಗೆ ಇವತ್ತು ಭರ್ಜರಿ ಗುಡ್ ನ್ಯೂಸ್. ಸ್ಕಿಪ್ ಮಾಡದೆ ಕೊನೆವರೆಗೂ ನೋಡಿ. ಅದಕ್ಕೂ ಮೊದಲು ನೀವಿನ್ನೂ ನಮ್ಮ ಚಾನೆಲ್‌ಗೆ…’

ಎರಡನೇ ನಿಮಿಷದಲ್ಲಿ ಯೋಜನೆ ಏನೆಂದು ವಿವರಣೆ. ಹಣಕ್ಕಾಗಿ ಕಾದು ಕೂತವಳಿಗೆ ಯೋಜನೆ ಏನೆಂದು ಗೊತ್ತಿಲ್ಲವಲ್ಲ! ನಾಲ್ಕನೆಯದರಲ್ಲಿ ಆಧಾರ್ ಜೋಡಣೆ, ಆರರಲ್ಲಿ ರೇಷನ್ ಕಾರ್ಡು ರದ್ದಾಗುವ ಭಯ. ಏಳೂವರೆಗೆ ದನಿ ತಗ್ಗುತ್ತದೆ: ‘ಸದ್ಯಕ್ಕೆ ಹಣ ಜಮೆ ಆಗಿಲ್ಲ. ಆದ ಕೂಡಲೇ ಎಲ್ಲರಿಗಿಂತ ಮೊದಲು ನಮ್ಮ ಚಾನೆಲ್‌ನಲ್ಲೇ ತಿಳಿಸ್ತೀವಿ, ಅದಕ್ಕಾಗಿ ಪಕ್ಕದಲ್ಲಿರುವ ಗಂಟೆ…’ ‘ಬಂದಿಲ್ಲ’ ಎಂಬುದನ್ನು ಹೇಳಲು ಎಂಟು ನಿಮಿಷ ಏಕೆ ಎಂದರೆ, ಎಂಟು ನಿಮಿಷದ ವಿಡಿಯೋದ ನಡುವೆಯೂ ಜಾಹೀರಾತು ತೂರಿಸಲು 2020ರಿಂದ ಅವಕಾಶವಿದೆ. ಅದಕ್ಕೂ ಮುಂಚೆ ಹತ್ತು ನಿಮಿಷ ಬೇಕಿತ್ತು. ನಾಡಿನ ಹೆಂಗಸರಿಗೆ ದಿನಕ್ಕೆ ಎರಡೆರಡು ನಿಮಿಷ ಉಳಿಸಿಕೊಟ್ಟ ಕಂಪನಿಗೆ ನಾವು ಋಣಿಗಳು.

ಈ ವ್ಯಾಪಾರದ ಒಳಗುಟ್ಟು ಇಷ್ಟೆ: ಅವಳು ಕಾದಷ್ಟೂ ಚಾನೆಲ್‌ಗೆ ಒಳ್ಳೆಯದು. ದುಡ್ಡು ನಿಜವಾಗಿ ಬಿದ್ದ ದಿನ ಬ್ಯಾಂಕಿನಿಂದಲೇ ಮೆಸೇಜು ಬರುತ್ತದೆ, ಅಂದು ಯಾರಿಗೂ ಯೂಟ್ಯೂಬ್ ಬೇಡ. ಸರ್ಕಾರ ತಿಂಗಳು ತಿಂಗಳು ಒಂದನೇ ತಾರೀಖಿಗೆ ತಪ್ಪದೆ ಹಣ ಹಾಕಿಬಿಟ್ಟರೆ ಬೀದಿಗೆ ಬೀಳುವ ಪತ್ರಕರ್ತರ ಸಂಖ್ಯೆಯನ್ನು ನೆನೆದರೆ ಭಯವಾಗುತ್ತದೆ.

ಸುದ್ದಿ ಇಲ್ಲದವರಿಗೆ ಮುಯ್ಯಿಯ ದಾರಿ ಇದೆ. ‘ನೀವು ನನ್ನದು ಮಾಡಿ, ನಾನು ನಿಮ್ಮದು ಮಾಡ್ತೀನಿ, ಸ್ಕ್ರೀನ್‌ಶಾಟ್ ಕಳ್ಸಿ’ ಎಂದು ನಡೆಯುವ ವಾಟ್ಸ್‌ಆ್ಯಪ್ ಗುಂಪುಗಳಿವೆ. ಯಾರು ಎಷ್ಟು ಮುಯ್ಯಿ ಓದಿಸಿದರೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ಅಷ್ಟನ್ನೇ ತೀರಿಸಿ ಬರುತ್ತಿದ್ದ ಜನ ನಾವು. ಲೆಕ್ಕ ನಮಗೆ ಕಲಿಸಬೇಕಿಲ್ಲ. ಆದರೆ ಮದುವೆಯ ಮುಯ್ಯಿಗೆ ಹಿಂದೆಯೇ ಊಟ ಉಂಟು. ಇಲ್ಲಿ ಗುಂಪಿನ ಅಷ್ಟೂ ಜನ ಅಡುಗೆಯವರು, ಎಲೆ ಮುಂದೆ ಕೂತವನು ಒಬ್ಬನೂ ಇಲ್ಲ. ಸಾಲದ್ದಕ್ಕೆ, ಮುಯ್ಯಿ ಓದಿಸಿದವನು ನಾಲ್ಕು ದಿನ ಬಿಟ್ಟು ಸದ್ದಿಲ್ಲದೆ ಬಂದು ಕವರು ವಾಪಸ್ ಎತ್ತಿಕೊಂಡು ಹೋಗುತ್ತಾನೆ. ಬೆಳಗ್ಗೆ ಎದ್ದು 994 ಇದ್ದದ್ದು 981 ಆದದ್ದನ್ನು ಕಂಡ ಚಾನೆಲ್ ಮಾಲೀಕನ ಮುಖವನ್ನು ನೋಡಲಾಗದು. ಈ ಕೊಡುಕೊಳ್ಳುವಿಕೆ ಯೂಟ್ಯೂಬ್‌ನ ನಿಯಮಕ್ಕೆ ವಿರುದ್ಧ ಎಂಬುದು ಗುಂಪಿನ ಎಲ್ಲರಿಗೂ ಗೊತ್ತು. ಅದನ್ನು ವಿವರಿಸುವ ವಿಡಿಯೋ ಕೂಡ ಅವರಲ್ಲೇ ಯಾರೋ ಮಾಡಿರುತ್ತಾರೆ. ನೋಡಲು ಹೋಗಬೇಡಿ, ಸಬ್‌ಸ್ಕ್ರೈಬ್ ಮಾಡಿ.

ಮುಯ್ಯಿಗೂ ವ್ಯವಧಾನವಿಲ್ಲದವರು ನೇರ ಕೊಳ್ಳುತ್ತಾರೆ. ಸಾವಿರಕ್ಕಿಷ್ಟು, ಲಕ್ಷಕ್ಕಿಷ್ಟು ಎಂದು ದರಪಟ್ಟಿ ಕೊಡುವ ಅಂಗಡಿಗಳಿವೆ. ಕೊಂಡ ಅಭಿಮಾನಿಗಳಿಗೆ ಹಸಿವಿಲ್ಲ, ನಿದ್ದೆಯಿಲ್ಲ, ಜಾತಿಯಿಲ್ಲ. ಒಂದು ದೃಷ್ಟಿಯಿಂದ ಇವರೇ ವಿಶ್ವಮಾನವರು. ತೊಂದರೆ ಎಂದರೆ ಕಂಪನಿಗಳು ಆಗಾಗ ಮನೆ ಗುಡಿಸುತ್ತವೆ. 2014ರ ಡಿಸೆಂಬರಿನಲ್ಲಿ ಇನ್‌ಸ್ಟಾಗ್ರಾಂ ಸುಳ್ಳು ಖಾತೆಗಳನ್ನು ಗುಡಿಸಿದಾಗ ಗಾಯಕ ಜಸ್ಟಿನ್ ಬೀಬರ್ ಒಬ್ಬನಿಗೇ ಮೂವತ್ತು ಲಕ್ಷಕ್ಕೂ ಹೆಚ್ಚು ಹಿಂಬಾಲಕರು ಇಲ್ಲವಾದರು. ಅಷ್ಟು ಜನ ಒಟ್ಟಿಗೆ ಹೋದರೂ ಯಾರ ಮನೆಯಲ್ಲೂ ಅಳು ಕೇಳಿಸಲಿಲ್ಲ.

ಮೇಲಿನ ಎಲ್ಲವೂ ಕೈಕೊಟ್ಟರೆ ದೇಶಾಭಿಮಾನ ಇದ್ದೇ ಇದೆ. ಸ್ವೀಡನ್ನಿನ ಪ್ಯೂಡಿಪೈ ಎಂಬ ಯೂಟ್ಯೂಬರ್‌ನನ್ನು ನಮ್ಮ ಟಿ-ಸೀರೀಸ್ ಹಿಂದೆ ಹಾಕುವ ಹೊತ್ತು ಬಂದಾಗ, 2018ರ ಕೊನೆಯಲ್ಲಿ, ಅವನ ಭಕ್ತನೊಬ್ಬ ಜಗತ್ತಿನ ಸುಮಾರು ಐವತ್ತು ಸಾವಿರ ಪ್ರಿಂಟರುಗಳಿಗೆ ಕನ್ನ ಹಾಕಿ, ಅವನಿಗೆ ಸಬ್‌ಸ್ಕ್ರೈಬ್ ಮಾಡಿ ಎಂಬ ಕರಪತ್ರ ಅಚ್ಚಾಗುವಂತೆ ಮಾಡಿದ. ಇತ್ತ ಟಿ-ಸೀರೀಸ್‌ನ ಭೂಷಣ್ ಕುಮಾರ್ 2019ರ ಮಾರ್ಚಿನಲ್ಲಿ ‘ಭಾರತ್ ವಿನ್ಸ್ ಯೂಟ್ಯೂಬ್’ ಎಂದು ಕರೆ ಕೊಟ್ಟರು. ಹಾಡಿನ ಕ್ಯಾಸೆಟ್ ಮಾರಿ ಬೆಳೆದ ಕಂಪನಿಯ ಗುಂಡಿ ಒತ್ತುವುದು ಗಡಿ ಕಾಯುವಷ್ಟೇ ದೊಡ್ಡ ಸೇವೆಯಾಯಿತು. ಭಾರತ ಗೆದ್ದಿತು. 2024ರ ಜೂನಿನಲ್ಲಿ ಅಮೆರಿಕದ ಮಿಸ್ಟರ್ ಬೀಸ್ಟ್ ನಮ್ಮನ್ನು ದಾಟಿ ಹೋದಾಗ ಮಾತ್ರ ಯಾರೂ ರಾಷ್ಟ್ರೀಯ ಶೋಕ ಘೋಷಿಸಲಿಲ್ಲ. ನಮ್ಮ ಕಡೆ ಇದರ ಮರಿ ಆವೃತ್ತಿ ನವೆಂಬರಿನಲ್ಲಿ ನಡೆಯುತ್ತದೆ: ‘ನಿಜವಾದ ಕನ್ನಡಿಗರಾಗಿದ್ದರೆ ಸಬ್‌ಸ್ಕ್ರೈಬ್ ಮಾಡಿ.’ ಕನ್ನಡತನದ ಪರೀಕ್ಷೆ ಇಷ್ಟು ಅಗ್ಗವಾಗಿ ಮುಗಿಯುವುದು ತಿಳಿದಿದ್ದರೆ ಎಷ್ಟೋ ಜನ ನವೆಂಬರಿನ ಭಾಷಣ ಕೇಳುವ ಶಿಕ್ಷೆಯಿಂದ ಪಾರಾಗುತ್ತಿದ್ದರು.

ಇದೆಲ್ಲ ಮೊಬೈಲು ತಂದ ಕೇಡು ಎಂದು ಕಾಗದದ ಕಾಲದವರು ಮೀಸೆ ತಿರುವಬಾರದು. ಪತ್ರಿಕೆಯ ಮಾಲೀಕ ಹೇಳುವ ಪ್ರಸಾರ ಸಂಖ್ಯೆಯನ್ನು ಜಾಹೀರಾತು ಕೊಡುವವನು ಕಣ್ಣು ಮುಚ್ಚಿ ನಂಬುವಂತಿದ್ದರೆ 1948ರಲ್ಲಿ ನಮ್ಮಲ್ಲಿ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಹುಟ್ಟುವ ಅಗತ್ಯವಿರಲಿಲ್ಲ. ವರ್ಷದ ಚಂದಾ ಕಟ್ಟಿದವರಿಗೆ ಪ್ಲಾಸ್ಟಿಕ್ ಬಕೆಟ್ಟು, ಹಾಟ್‌ಬಾಕ್ಸ್ ಹಂಚಿದ ಕಾಲವೂ ಇತ್ತು. ಎಷ್ಟೋ ಮನೆಗಳಲ್ಲಿ ಬಕೆಟ್ಟು ಒಡೆದ ವರ್ಷವೇ ಓದುವ ಹವ್ಯಾಸವೂ ನಿಂತಿತು.

ಸಾಹಿತ್ಯ ಪತ್ರಿಕೆಗಳದು ಬೇರೆಯೇ ಕಥೆ. ಅಲ್ಲಿ ಚಂದಾದಾರರಿಗಿಂತ ಕವಿಗಳ ಸಂಖ್ಯೆ ಹೆಚ್ಚು. ಕವಿತೆ ಕಳಿಸಿದವನು ಗೌರವಪ್ರತಿ ಕೇಳುತ್ತಾನೆ. ಕವಿತೆ ವಾಪಸಾದವನು ಪತ್ರಿಕೆಯನ್ನೇ ಬಿಡುತ್ತಾನೆ. ಎರಡೂ ಕಡೆಯಿಂದ ಸಂಪಾದಕನಿಗೆ ನಷ್ಟ. ವಿ.ಪಿ.ಪಿ. ಮಾಡಿ, ಕೈಗೆ ಬಂದಾಗ ದುಡ್ಡು ಕೊಡುತ್ತೇನೆ ಎಂದು ಕಾರ್ಡು ಬರೆದ ಮಹನೀಯರು ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದಾಗ ಊರಲ್ಲಿರುತ್ತಿರಲಿಲ್ಲ. ಹೋಗಿ ಬರುವ ಅಂಚೆ ವೆಚ್ಚ ಸಂಪಾದಕನ ಮನೆಯ ಅಕ್ಕಿ ಬೇಳೆಯಿಂದ. ಇನ್ನು ಆಜೀವ ಚಂದಾದಾರರು ದೀರ್ಘಾಯುಷಿಗಳು. ಒಮ್ಮೆ ದುಡ್ಡು ಕೊಟ್ಟು, ಒಂದಲ್ಲ ಮೂರು ಪತ್ರಿಕೆಗಳನ್ನು ಮಸಣಕ್ಕೆ ಕಳಿಸಿ, ಇವತ್ತಿಗೂ ಬೆಳಗಿನ ವಾಕಿಂಗಿನಲ್ಲಿ ಸಿಗುತ್ತಾರೆ. ‘ಯಾಕೋ ಇತ್ತೀಚೆಗೆ ಸಂಚಿಕೆ ಬರ್ತಾ ಇಲ್ಲ ನೋಡಿ’ ಎಂದು ದೂರುತ್ತಾರೆ.

ಇಂಥವರ ನಡುವೆಯೇ ಗಳಗನಾಥರು ಇದ್ದರು. 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿ. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಗಾಗಿ ಕಾದಂಬರಿಗಳನ್ನು ಬರೆದರು, ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಬಿಸಿಲಲ್ಲಿ ಆ ಗಂಟು ಹೊತ್ತು ಬಾಗಿಲಿಗೆ ಬಂದವರಿಗೆ ‘ಓದದಿದ್ರೂ ಪರ್ವಾಗಿಲ್ಲ, ಹೆಸರು ಬರೆಸಿ ಸಾಕು’ ಎನ್ನುವ ಉಪಾಯ ಹೊಳೆಯಲಿಲ್ಲ. ಹಳೆಯ ಕಾಲದವರು, ಪಾಪ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದ್ದು ವರ್ಷದ ಚಂದಾ ಕೊಟ್ಟವರಿಗೆ ಪುಸ್ತಕ ಕಳಿಸುವ ಯೋಜನೆಯ ಮೇಲೆ. ಕಳಿಸಿದ ಪುಸ್ತಕ ಇಷ್ಟವಾಗದಿದ್ದರೆ ಮುಂದಿನ ವರ್ಷ ಚಂದಾ ಇಲ್ಲ. ಆ ಹೆದರಿಕೆ ಪ್ರಕಾಶಕನಿಗೆ ಒಳ್ಳೆಯದು. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತು ಬೇಡವೆಂದೇ ಹೊರಟು, ಅಂಗಡಿಯಲ್ಲಿ ಚಿಲ್ಲರೆ ಕೊಟ್ಟು ಕೊಂಡವರ ಬಲದ ಮೇಲೆ ಮಂತ್ರಿಗಳ ನಿದ್ದೆ ಕೆಡಿಸಿತು. ಜಾಹೀರಾತಿಲ್ಲದ ಪತ್ರಿಕೆಯಲ್ಲಿ ಓದುಗನೇ ಗಿರಾಕಿ. ಜಾಹೀರಾತೇ ಆಧಾರವಾದ ಕಡೆ ಓದುಗ ಸರಕು, ಗಿರಾಕಿ ಬೇರೆ ಯಾರೋ. ಸರಕು ಎಷ್ಟಿದೆ ಎಂಬುದು ಮುಖ್ಯ. ಅದಕ್ಕೆ ಕಣ್ಣಿದೆಯೋ ಇಲ್ಲವೋ ಯಾರು ಕೇಳುತ್ತಾರೆ?

ಹಾಗೆಂದು ಇಷ್ಟಕ್ಕೆಲ್ಲ ಚಾನೆಲ್‌ನವರನ್ನೇ ಬೈದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಲಕ್ಷ ದಾಟಿದ ಚಾನೆಲ್‌ಗಳಿಗೆ ಕಂಪನಿ ಬೆಳ್ಳಿಬಣ್ಣದ ಫಲಕ ಕಳಿಸುತ್ತದೆ, ಹತ್ತು ಲಕ್ಷಕ್ಕೆ ಚಿನ್ನದ ಬಣ್ಣದ್ದು. ಕನ್ನಡದಲ್ಲಿ ಬಾವಿ, ಕೆರೆ, ಶಾಸನ, ಹಳೆಯ ಹಾಡು ಎಂದು ನಿಜವಾಗಿ ಅಲೆದು ಕೆಲಸ ಮಾಡುವವರ ಗೋಡೆಯ ಮೇಲೂ ಆ ಫಲಕ ಕಾಣಬಹುದು. ಅದೇ ಚಾನೆಲ್‌ಗಳಲ್ಲಿ ಸಬ್‌ಸ್ಕ್ರೈಬ್ ಪಕ್ಕದಲ್ಲಿ ‘ಜಾಯಿನ್’ ಎಂಬ ಇನ್ನೊಂದು ಗುಂಡಿ ಇರುತ್ತದೆ. ತಿಂಗಳಿಗೆ ಇಷ್ಟು ರೂಪಾಯಿ ಕೊಟ್ಟು ಸದಸ್ಯರಾಗುವುದು. ಆ ಗುಂಡಿಯ ಹತ್ತಿರ ಬಂದಾಗ ನಮ್ಮ ಬೆರಳಿಗೆ ಏನೋ ಆಗುತ್ತದೆ. ಲಕ್ಷ ಜನ ಗಂಟೆ ಒತ್ತಿದ ಕಡೆ ದುಡ್ಡು ಕೊಟ್ಟವರನ್ನು ಒಂದು ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಬಹುದು. ವಿ.ಪಿ.ಪಿ. ಬಂದಾಗ ಊರಲ್ಲಿಲ್ಲದವರ ಮೊಮ್ಮಕ್ಕಳು ನಾವು. ಕನ್ನಡದ ಚಂದಾದಾರ ನೂರು ವರ್ಷದಲ್ಲಿ ಬದಲಾಗಿಯೇ ಇಲ್ಲ. ಅವನಿಂದ ಕಾಸು ಕೇಳದೆ ಅವನನ್ನೇ ಮಾರಿಕೊಳ್ಳುವ ಉಪಾಯ ಒಂದು ಕಂಪನಿಗೆ ಹೊಳೆಯಿತು, ಅಷ್ಟೆ.

ಇಲ್ಲಿಯವರೆಗೆ ಸ್ಕಿಪ್ ಮಾಡದೆ ಓದಿದವರಲ್ಲಿ ಒಂದು ಬಿನ್ನಹ. ನಿಮ್ಮ ಮನೆಗೆ ಅಂಚೆಯಲ್ಲಿ ಬರುವ ಪತ್ರಿಕೆ ಯಾವುದಾದರೂ ಉಳಿದಿದ್ದರೆ ಅದರ ವಿಳಾಸದ ಚೀಟಿ ನೋಡಿ. ಚಂದಾ ಮುಗಿಯುವ ತಿಂಗಳನ್ನು ಹಲವರು ಅಲ್ಲೇ ಅಚ್ಚು ಹಾಕಿರುತ್ತಾರೆ. ಮುಗಿದಿದ್ದರೆ ಇವತ್ತೇ ಕಟ್ಟಿ. ಈಗ ಯುಪಿಐ ಕೂಡ ನಡೆಯುತ್ತದೆ.